ಸಹಾಯ ಬೇಕು: ಮೆಣಸಿನ ಬಳ್ಳಿಗೆ ಒಂದೇ ತೋಟದಲ್ಲಿ ಎರಡು ಬಗೆಯ ಸೊರಗು?

ನಮಸ್ಕಾರ. ಪೊನ್ನಂಪೇಟೆ ಬದಿಯ ಕಾಫಿ ತೋಟ, ಸಿಲ್ವರ್ ಓಕ್‌ಗೆ ಹಬ್ಬಿಸಿದ ಪಣಿಯೂರು-1 ತಳಿಯ ಕಾಳುಮೆಣಸಿನ ಬಳ್ಳಿಗಳು. ಬಿಡದೆ ಹೊಯ್ದ ಮಳೆಯ ಬಳಿಕ ಇಳಿಜಾರಿನ ಕೆಳಭಾಗದ 7 ಬಳ್ಳಿಗಳು ಹಸಿರಿರುವಾಗಲೇ ಎಲೆ ಉದುರಿಸುತ್ತಿವೆ. ನೆಲಕ್ಕೆ ತಾಗುವ ಎಲೆಗಳಲ್ಲಿ ಕಪ್ಪು ಮಚ್ಚೆ, ಬುಡದ ತೊಗಟೆ ಕಪ್ಪಾಗಿ ಕೊಳೆತಿದೆ, ಗೆಣ್ಣುಗಳು ಕಳಚುತ್ತಿವೆ. ಇದು ಫೈಟಾಫ್ತೊರಾದ (ಶಿಲೀಂಧ್ರದಂಥ ರೋಗಾಣು) ಶೀಘ್ರ ಸೊರಗು ರೋಗವೇ, ಸಂಶಯವಿಲ್ಲ.

ತಲೆಬಿಸಿ ಮೇಲಿನ ಸಾಲಿನದು. ಅಲ್ಲಿ 3 ಬಳ್ಳಿಗಳ ಬುಡ ಗಟ್ಟಿಯಾಗಿದೆ, ಆದರೂ ಎಲೆ ಹಳದಿ. ಬೇರು ಬಿಡಿಸಿದರೆ ಸಣ್ಣ ಗಂಟುಗಳು. ಜಂತುಹುಳುವಿನಿಂದ ಬರುವ ನಿಧಾನ ಸೊರಗು ಇರಬೇಕು.

ಸತ್ತ ಬಳ್ಳಿಗಳನ್ನು ಬೇರುಸಹಿತ ಕಿತ್ತು ಸುಟ್ಟಾಯಿತು, ಚರಂಡಿ ಬಿಡಿಸಿ ಮರಗಸಿಯೂ (ನೆರಳಿನ ಮರಗಳ ಕೊಂಬೆ ಸವರುವುದು) ಆಯಿತು. ಮಳೆ ಬಿಟ್ಟ ಹೊತ್ತಲ್ಲಿ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್) ಹೊಡೆದಿದ್ದೇವೆ. ಅದ್ದಿದ ಕಬ್ಬಿಣದ ಚಾಕುವಿಗೆ ತಾಮ್ರದ ಬಣ್ಣ ಹಿಡಿಯಲಿಲ್ಲ, ಹಾಗಾಗಿ ದ್ರಾವಣ ಸರಿಯಿತ್ತು. ಬುಡಕ್ಕೆ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ), ಬಳ್ಳಿಗೆ 5 ಲೀಟರ್.

ರೋಗಾಣುವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾದ ಬೆಳವಣಿಗೆಗೆ ಮಣ್ಣಿಗೆ ಬಿದ್ದ ತಾಮ್ರ ಅಡ್ಡಿಯಾಗಬಹುದು. ಎಷ್ಟು ದಿನ ಬಿಟ್ಟು ಕೊಡುತ್ತೀರಿ? ಸುತ್ತಲಿನ ಆರೋಗ್ಯವಂತ ಬಳ್ಳಿಗಳಿಗೆ ಶೀಘ್ರ ಸೊರಗು ತಡೆಯಲು ಪೊಟ್ಯಾಸಿಯಂ ಫಾಸ್ಫೊನೇಟ್ ಸಾಕೇ, ಮೆಟಾಲಾಕ್ಸಿಲ್-ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವೇ ಬೇಕೇ? ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಬೇರು, ಮಣ್ಣಿನ ಮಾದರಿ ಕೊಟ್ಟವರಿದ್ದರೆ ಎಷ್ಟು ಆಳದಿಂದ ತೆಗೆದಿರಿ, ಒಣಗದಂತೆ ಹೇಗೆ ಒಯ್ದಿರಿ ಎಂದು ದಯವಿಟ್ಟು ತಿಳಿಸಿ. ಪಕ್ಕದ ಸಾಲಿಗೆ ಹರಡುವ ಮುಂಚೆ ತಡೆಯಬೇಕು.