ಕಾಸರಕೋಡಿನ ಕಡಲತೀರದ ಮನೆ, ಅಡುಗೆ ನಾವೇ: ಏನೇನು ಕೇಳಬೇಕು?

ಪ್ರಶ್ನೆ: ಜನವರಿಯಲ್ಲಿ ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿ ಸಮುದ್ರ ಕಾಣುವ ಮನೆ ಬೇಕು. ಐದು ಜನ, ನಾಲ್ಕು ದಿನ. ಬುಕ್ ಮಾಡೋ ಮೊದಲು ಏನು ವಿಚಾರಿಸಲಿ?

ಉತ್ತರ 1: ಮೊದಲು ಬಾವಿ ನೀರು ಸಿಹಿಯೋ ಉಪ್ಪೋ ಕೇಳಿ. ಉಪ್ಪಾದರೆ ಬೇಳೆ ಸರಿಯಾಗಿ ಬೇಯದೇ ಇರಬಹುದು. ಅಡುಗೆಗೂ ಕುಡಿಯೋಕೂ ದಿನಕ್ಕೊಂದು 20 ಲೀಟರ್ ಕ್ಯಾನ್ ಬೇಕು. ಉಪ್ಪುಗಾಳಿಗೆ ಬರ್ನರ್ ತುಕ್ಕು ಹಿಡಿದು ತೂತು ಕಟ್ಟುತ್ತೆ. ಉರಿ ಹಳದಿಯಾದರೆ ಒಲೆ ಆರಿಸಿ, ತಣಿದ ಮೇಲೆ ಪಿನ್ನಿನಿಂದ ಬಿಡಿಸಿ.

ಉತ್ತರ 2: ಅಡುಗೆಮನೆ ಕಿಟಕಿಗೆ ಜಾಲರಿ ಇದೆಯಾ ನೋಡಿ. ಬಾಳೆಗೊನೆ ಜಗಲಿಯಲ್ಲಿ ನೇತುಹಾಕಿದರೆ ಮಂಗಗಳಿಗೆ ಕರೆಯೋಲೆ ಕೊಟ್ಟಂತೆ!

ಉತ್ತರ 3: ಜನವರಿ ಅಂದ್ರೆ ಕಡಲಾಮೆ ಮೊಟ್ಟೆ ಇಡೋ ಕಾಲ. ರಾತ್ರಿ ಸಮುದ್ರದ ಕಡೆಯ ದೀಪ ಆರಿಸಿ. ಮರಿಗಳು ಬೆಳಕಿನತ್ತ ತಿರುಗಿ ದಾರಿ ತಪ್ಪುತ್ತವೆ. ಟಾರ್ಚ್, ಫ್ಲ್ಯಾಷ್ ಬೇಡ.