13ಬಿ ರೋಟರಿ: ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಏಳ್ತಾನೇ ಇಲ್ಲ. ಯಾರಾದ್ರೂ ದಾರಿ ತೋರಿಸಿ

ಕೊಪ್ಪ_ಟು_ಫೀನಿಕ್ಸ್:
ತಲೆ ಕೆಟ್ಟು ಗೊಬ್ಬರ ಆಗಿದೆ. ಗ್ಯಾರೇಜಲ್ಲಿ ನಾನೇ ಕಟ್ಟಿರೋ ಪುಟ್ಟ ವಿಮಾನ, ಆರ್‌ವಿ-7. ಅದಕ್ಕೆ ಮಾಜ್ದಾ ಕಾರಿನ 13ಬಿ ಎಂಜಿನ್ ಕೂರಿಸಿದ್ದೀನಿ, ಪಿಸ್ಟನ್ ಬದಲು ಸುತ್ತೋ ರೋಟರ್ ಇರೋ ರೋಟರಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಪ್ರೆಷರ್ 75 ಪಿಎಸ್‌ಐ, ನೋಡೋಕೇ ಖುಷಿ. ಆಯಿಲ್ 180 ಡಿಗ್ರಿ ಫ್ಯಾರನ್‌ಹೀಟ್ ದಾಟಿತೋ ಇಲ್ವೋ, 3000 ಆರ್‌ಪಿಎಂನಲ್ಲೂ 24ಕ್ಕೆ ಬಂದು ಕೂತುಬಿಡುತ್ತೆ. ಎಂಜಿನ್ ಈಗಷ್ಟೇ ಬಿಚ್ಚಿ ಕಟ್ಟಿದ್ದು, ಬೇರಿಂಗ್ ಹೊಸದು. ಲೆವೆಲ್ ಸರಿ ಇದೆ. ಹೊರಗಡೆ ಒಂದು ತೊಟ್ಟೂ ಸೋರ್ತಿಲ್ಲ. ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಇದೆ, ಈ ಪ್ರೆಷರ್ ಇಟ್ಕೊಂಡು ವಿಮಾನನ ನೆಲದ ಮೇಲೆ ಓಡಿಸೋದು (ಟ್ಯಾಕ್ಸಿ) ಕೂಡ ಮಾಡಲ್ಲ ನಾನು. ಉಳಿದಿದ್ದೆಲ್ಲ ಸ್ಟ್ಯಾಂಡರ್ಡ್. ಏನಿರಬಹುದು?

ಮೀಟರ್_ಮಂಜು (ಹುಬ್ಬಳ್ಳಿ):
ಪ್ರೆಷರ್ ಅಳದು ಮೀಟರಿಗೆ ಕಳಸೂ ಸೆಂಡರ್‌ದ ತಪ್ಪು ರೀ ಅಣ್ಣಾರ, ಕಣ್ಣು ಮುಚ್ಚಿ ಹೇಳ್ತೀನಿ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತೀರಿಲ್ಲೋ? ಟೇಪ್ ಸುತ್ತಿದ್ರ ಅರ್ಥಿಂಗ್ ಹೋಗತೈತಿ, ಮೀಟರ್ ತನಗ ಬೇಕಾದ್ದು ತೋರಸ್ತೈತಿ. ಟೇಪ್ ತಗೀರಿ, ಸೆಂಡರ್ ಬಾಡಿಗೆ ಒಂದು ವೈರ್ ಎಳದು ನೇರ ಬ್ಯಾಟರಿ ನೆಗೆಟಿವ್‌ಗೆ ಕೊಡ್ರಿ.

ಕೊಪ್ಪ_ಟು_ಫೀನಿಕ್ಸ್:
ಟೇಪ್ ಹಾಕಿಲ್ಲ ಮಂಜಣ್ಣ, ಲಿಕ್ವಿಡ್ ಸೀಲೆಂಟ್ ಹಾಕಿರೋದು. ಆದ್ರೂ ವೈರ್ ಎಳೆದು ನೋಡಿದೆ. ಅದೇ 24.

ಮೀಟರ್_ಮಂಜು:
ಹಂಗಾದ್ರ ಸೆಂಡರ್ ರೇಂಜ್ ತಪ್ಪು. 10 ಓಮ್‌ನಿಂದ 180 ಓಮ್‌ದು ಬ್ಯಾರೆ ಇರತೈತಿ, 240ರಿಂದ 33ಕ್ಕ ಇಳಿಯೂದು ಬ್ಯಾರೆ ಇರತೈತಿ. ಮೀಟರಿಗೆ ಯಾವುದು ಬೇಕು ನೋಡೀರೇನು?

ಸೆವೆನ್ಸ್_ಸುರತ್ಕಲ್ (ಮೆಲ್ಬರ್ನ್):
ಎಂತ ಮಾರಾಯ್ರೆ, ಎಲ್ಲರೂ ವೈರ್ ಹಿಡ್ಕೊಂಡು ಕೂತಿದ್ದೀರಿ. ಇಲ್ಲಿ ಮೆಲ್ಬರ್ನಿನಲ್ಲಿ ರೋಟರಿ ಹುಚ್ಚು ಜಾಸ್ತಿ, ನನ್ನ ಹತ್ತಿರವೇ ಮಾಜ್ದಾದ ಎರಡು ರೋಟರಿ ಕಾರು, ಆರ್‌ಎಕ್ಸ್-7 ಉಂಟು. ಇದು ಎಂಜಿನ್ನಿನ ಮುಂದಿನ ಮುಚ್ಚಳದ (ಫ್ರಂಟ್ ಕವರ್) ಓ-ರಿಂಗ್, ಅಂದ್ರೆ ರಬ್ಬರ್ ಬಳೆ. ಪಂಪಿಂದ ಬರುವ ಆಯಿಲ್ ಮುಂದಿನ ಕಬ್ಬಿಣದ ಹೌಸಿಂಗ್, ಅಂದ್ರೆ ಫ್ರಂಟ್ ಐರನ್‌ನಿಂದ ಕವರಿಗೆ ದಾಟುವ ತೂತಿನಲ್ಲಿ ಒಂದು ಸಣ್ಣ ಓ-ರಿಂಗ್ ಕೂರ್ತದೆ. ಗ್ಯಾಸ್ಕೆಟ್ ದಪ್ಪ ಆದ್ರೆ, ಇಲ್ಲ ಸಿಲಿಕೋನ್ ಜಾಸ್ತಿ ಮೆತ್ತಿದ್ರೆ ಅದು ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಬಿಸಿಗೆ ಹರಿದು ಕವರಿನ ಒಳಗೇ ಆಯಿಲ್ ಸುರಿಯುತ್ತದೆ. ಕೆಳಗಿನ ಆಯಿಲ್ ತೊಟ್ಟಿ, ಅಂದ್ರೆ ಸಂಪಿಗೇ ವಾಪಸ್ ಬೀಳುವುದರಿಂದ ಹೊರಗೆ ಒಂದು ಹನಿ ಕಾಣುವುದಿಲ್ಲ. ಕವರ್ ತೆಗೆಯಿರಿ.

ಲೈಕಮಿಂಗ್_ಲಕ್ಕಿ (ಡಲ್ಲಾಸ್):
ಮಗಾ, ಕಾರಿನ ಎಂಜಿನ್ ಕಾರಲ್ಲಿರ್ಬೇಕು. ವಿಮಾನಕ್ಕೇ ಅಂತ ಮಾಡಿರೋ ಲೈಕಮಿಂಗ್ ಎಂಜಿನ್ ಒಂದು ಓ-360 ಹಾಕಿದ್ರೆ ಇಷ್ಟೊತ್ತಿಗೆ ಹಾರ್ತಿದ್ದೆ.

ಸೆವೆನ್ಸ್_ಸುರತ್ಕಲ್:
ಕಾರಿನ ಎಂಜಿನ್ ಅಂತೆ. ಟ್ರೇಸಿ ಕ್ರೂಕ್ ಆರ್‌ವಿ-4ಗೆ 13ಬಿ ಹಾಕಿ ವರ್ಷಗಟ್ಟಲೆ ಹಾರಿಸಿದ್ದು ನಿಮಗೆ ಗೊತ್ತುಂಟಾ? 1991ರಲ್ಲಿ ಲಮಾನ್ ರೇಸ್ ಗೆದ್ದ ಮಾಜ್ದಾ 787ಬಿ ಕಾರಿನ ಒಳಗೆ ನಾಲ್ಕು ರೋಟರ್ ಇತ್ತು, 24 ಗಂಟೆ ಓಡಿದೆ. ನಿಮ್ಮ ವಾಲ್ವು, ಪುಶ್‌ರಾಡು, ಟ್ಯಾಪೆಟ್ ಯಾವುದೂ ಇದರಲ್ಲಿ ಇಲ್ಲ.

ಲೈಕಮಿಂಗ್_ಲಕ್ಕಿ:
ಗೆದ್ದಿದ್ದು ರಸ್ತೆ ಮೇಲೆ ಗುರು. ಅಲ್ಲಿ ಎಂಜಿನ್ ನಿಂತ್ರೆ ಪಕ್ಕಕ್ಕೆ ಹಾಕ್ಕೊಂಡು ಇಳಿದು ಹೋಗಬಹುದು.

ಪೀಣ್ಯ_ಲೇತ್:
ಯಾವ ಆಯಿಲ್ ಹಾಕಿದ್ದೀರಾ ಅಂತ ಯಾರೂ ಕೇಳ್ಲೇ ಇಲ್ವಲ್ಲ! ಫೀನಿಕ್ಸ್ ಬಿಸಿಲಿಗೆ 10ಡಬ್ಲ್ಯು-30 ಥರದ ತೆಳು ಆಯಿಲ್ ಹಾಕಿದ್ರೆ ನೀರಾಗುತ್ತೆ.

ಕೊಪ್ಪ_ಟು_ಫೀನಿಕ್ಸ್:
ಅದಕ್ಕಿಂತ ದಪ್ಪದ್ದೇ, 20ಡಬ್ಲ್ಯು-50, ಮಿನರಲ್.

ಪೀಣ್ಯ_ಲೇತ್:
ಸಿಂಥೆಟಿಕ್ ಹಾಕಿ.

ಸೆವೆನ್ಸ್_ಸುರತ್ಕಲ್:
ರೋಟರಿಗೆ ಸಿಂಥೆಟಿಕ್? ಬೇಡ ಮಾರಾಯ್ರೆ! ರೋಟರ್ ಸೀಲುಗಳಿಗೆ ಜಿಡ್ಡು ಕೊಡಲಿಕ್ಕೆ ಮೀಟರಿಂಗ್ ಪಂಪ್ ಸಂಪಿನ ಆಯಿಲನ್ನೇ ಎಳೆದು ಎಂಜಿನ್ ಒಳಗೆ ಸುಡ್ತದೆ, ಸಿಂಥೆಟಿಕ್ ಸರಿಯಾಗಿ ಸುಟ್ಟುಹೋಗುವುದಿಲ್ಲ ಅಂತಾರೆ.

ಕೊಪ್ಪ_ಟು_ಫೀನಿಕ್ಸ್:
ಮೀಟರಿಂಗ್ ಪಂಪ್ ತೆಗೆದು ಪ್ಲೇಟ್ ಹಾಕಿದ್ದೀನಿ. ಟೂ ಸ್ಟ್ರೋಕ್ ಆಯಿಲನ್ನ ಪೆಟ್ರೋಲಿಗೇ ಬೆರೆಸ್ತೀನಿ, ಗ್ಯಾಲನ್‌ಗೆ ಒಂದು ಔನ್ಸ್.

ಪೀಣ್ಯ_ಲೇತ್:
ಹಂಗಾದ್ರೆ ಸಿಂಥೆಟಿಕ್ ಹಾಕೋಕೆ ಅಡ್ಡಿ ಏನು? ಸುಡೋದು ಬೇರೆ ಆಯಿಲ್ ತಾನೆ?

(ಇಲ್ಲಿಂದ ಮುಂದೆ ಆಯಿಲ್ ಬ್ರ್ಯಾಂಡ್ ಜಗಳವನ್ನು ಬೇರೆ ಥ್ರೆಡ್‌ಗೆ ಸಾಗಿಸಲಾಗಿದೆ. ಅಲ್ಲೇ ಹೊಡೆದಾಡಿಕೊಳ್ಳಿ. — ಮಾಡರೇಟರ್)

ಹಳೇ_ಹ್ಯಾಂಗರ್ (ಬೆಂಗಳೂರು):
ನಮಸ್ಕಾರ. ನಾನು ಸರ್ವಿಸಲ್ಲಿದ್ದಾಗ ತರಬೇತಿ ವಿಮಾನ ಹೆಚ್‌ಪಿಟಿ-32ರ ಲೈಕಮಿಂಗ್ ಎಂಜಿನ್ ನೋಡಿಕೊಳ್ಳುತ್ತಿದ್ದವನು, ರೋಟರಿ ನನ್ನ ಕಸುಬಲ್ಲ. ಆದರೂ ಕೇಳುತ್ತೇನೆ. ಐಡಲ್‌ನಲ್ಲಿ ಪ್ರೆಷರ್ ಎಷ್ಟು ಅಂತ ನೀವು ಬರೆದೇ ಇಲ್ಲ. ಸೆಂಡರ್ ಎಲ್ಲಿ ಕೂತಿದೆ, ಆಯಿಲ್ ತಣಿಸುವ ಕೂಲರಿಗೆ ಮುಂಚೆಯೋ ಆಮೇಲೆಯೋ? ವೈರ್ ಇಲ್ಲದ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದಿರಾ?

ಕೊಪ್ಪ_ಟು_ಫೀನಿಕ್ಸ್:
ಸರ್, ಬಿಸಿ ಐಡಲ್‌ನಲ್ಲಿ 18. ಅದು ಸರಿ ಇದೆಯಲ್ಲ ಅಂತ ಬರೆದಿರಲಿಲ್ಲ. ಸೆಂಡರ್ ಇರೋದು ಆಯಿಲ್ ಫಿಲ್ಟರ್ ಕೂರೋ ಪೀಠದ (ಪೆಡಸ್ಟಲ್) ಹತ್ತಿರ, ಕೂಲರಿಂದ ವಾಪಸ್ ಬಂದ ಮೇಲೆ. ಇವತ್ತು ಮೆಕ್ಯಾನಿಕಲ್ ಗೇಜ್ ತಂದು ಸೆಂಡರ್ ತೂತಿಗೇ ಹಾಕಿದೆ. 23, 24. ಮಂಜಣ್ಣ, ಸೆಂಡರ್ ನಿರಪರಾಧಿ.

ಮೀಟರ್_ಮಂಜು:
ಮೆಕ್ಯಾನಿಕಲ್ ಗೇಜ್ ಹೊಸಾದ್ದು ಇದ್ರೂ ತಪ್ಪು ತೋರಸ್ತಾವ್ರಿ, ನಾ ನೋಡೀನಿ.

ಹಳೇ_ಹ್ಯಾಂಗರ್:
18 ಮತ್ತು 24. ಇದೇ ವಿಚಿತ್ರ. ಬೇರಿಂಗ್ ಸಡಿಲವಿದ್ದರೆ, ಅಥವಾ ಒಳಗೆ ಓ-ರಿಂಗ್ ಸೋರುತ್ತಿದ್ದರೆ, ಬಿಸಿ ಐಡಲ್‌ನಲ್ಲಿ ಮುಳ್ಳು ನೆಲ ಹಿಡಿಯಬೇಕು. ಆಮೇಲೆ ಆರ್‌ಪಿಎಂ ಏರಿಸಿದಂತೆ ಪಂಪ್ ಜಾಸ್ತಿ ತಳ್ಳಿ ಪ್ರೆಷರೂ ಏರಬೇಕು. ನಿಮ್ಮದರಲ್ಲಿ ಐಡಲ್ ಚೆನ್ನಾಗಿದೆ, ಏರಿಸಿದರೆ ಏರುತ್ತಿಲ್ಲ. ದಾರಿಯಲ್ಲಿ ಏನೋ ಅಡ್ಡ ನಿಂತಿದೆ ಅಂತ ನನ್ನ ಅನುಮಾನ. 13ಬಿಯಲ್ಲಿ ಪಂಪ್, ಕೂಲರ್, ಆಮೇಲೆ ಫಿಲ್ಟರ್, ಆಮೇಲೆ ಬೇರಿಂಗ್, ಈ ಸರದಿಯಲ್ಲಿ ಆಯಿಲ್ ಹೋಗುತ್ತದೆ ಅಂತ ಓದಿದ್ದೇನೆ. ಹಾಗಿದ್ದರೆ ಫ್ರಂಟ್ ಕವರಿಂದ ಹೊರಗೆ ಬರುವ ಜಾಗದಲ್ಲಿ ಇನ್ನೊಂದು ಗೇಜ್ ಹಾಕಿ. ಎರಡೂ ಕಡೆ ಕಡಿಮೆ ಇದ್ದರೆ ಪಂಪೋ ಓ-ರಿಂಗೋ. ಮುಂದೆ ಜಾಸ್ತಿ, ಹಿಂದೆ ಕಡಿಮೆ ಇದ್ದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ.

ಅಂದಹಾಗೆ, ರೋಟರಿ ನಮ್ಮ ಆಕಾಶಕ್ಕೇನೂ ಹೊಸದಲ್ಲ. 2009ರಲ್ಲಿ ಕೋಲಾರದ ಹತ್ತಿರ ಹಾರಿದ ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನದಲ್ಲಿ ಇಲ್ಲೇ ಮಾಡಿದ ವಾಂಕೆಲ್, ಅಂದರೆ ರೋಟರಿ ಎಂಜಿನ್ ಇತ್ತು, 55 ಹಾರ್ಸ್‌ಪವರ್. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರ ಕೈಯೂ ಅದರಲ್ಲಿತ್ತು.

ಲೈಕಮಿಂಗ್_ಲಕ್ಕಿ:
ಪೈಲಟ್ ಇಲ್ಲದ ವಿಮಾನ. ನಾನೂ ಅದನ್ನೇ ಹೇಳ್ತಿರೋದು ಸರ್.

ಕೊಪ್ಪ_ಟು_ಫೀನಿಕ್ಸ್:
ಮುಂದುಗಡೆ ಗೇಜ್ ಹಾಕಿದೆ. 24. ಎರಡೂ ಕಡೆ ಒಂದೇ. ಫೋಟೋ ಹಾಕಿದ್ದೀನಿ.

ಸೆವೆನ್ಸ್_ಸುರತ್ಕಲ್:
ನಾನು ಎಂತ ಹೇಳಿದ್ದು! ಓ-ರಿಂಗ್. ಕವರ್ ತೆಗೆಯಿರಿ, ರಿಂಗಿನ ಹಿಂದೆ ಟೆಫ್ಲಾನ್ ಬ್ಯಾಕಪ್ ಇಲ್ಲದಿದ್ರೆ ಹಾಕಿ. ಹಾಂ, ಮುಂದಿನ ಬೋಲ್ಟ್ ಬಿಚ್ಚುವಾಗ ಎಂಜಿನ್ ನಡುವಿನ ಎಸೆಂಟ್ರಿಕ್ ಶಾಫ್ಟ್ ಹಿಂದಕ್ಕೆ ಜಾರಬಾರದು. ಜಾರಿದ್ರೆ ಥ್ರಸ್ಟ್ ಬೇರಿಂಗಿನ ನೀಡಲ್ ಬಿದ್ದು ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಂಜಿನ್ ಪೂರ್ತಿ ಬಿಚ್ಚುವುದೇ.

ಕೊಪ್ಪ_ಟು_ಫೀನಿಕ್ಸ್:
ಕವರ್ ತೆಗೀಬೇಕಂದ್ರೆ ಮೌಂಟಿಂದ ಎಂಜಿನ್ನೇ ಇಳಿಸ್ಬೇಕು. ಶನಿವಾರಕ್ಕೆ ಕ್ರೇನ್ ಬಾಡಿಗೆಗೆ ಹೇಳಿದ್ದೀನಿ. ವೈರಿಂಗ್, ರೇಡಿಯೇಟರ್, ಎಲ್ಲ ಬಿಚ್ಚಬೇಕು. ಅಳು ಬರ್ತಿದೆ.

ಪೀಣ್ಯ_ಲೇತ್:
ಫೋಟೋದಲ್ಲಿ ಗೇಜ್ ಸಿಕ್ಕಿಸಿರೋ ಆ ಟೀ ಫಿಟಿಂಗ್, ಅದೇ T ಆಕಾರದ ಪೈಪ್ ತುಂಡು, ಅಂಗಡಿದಾ? ನಮ್ಮಲ್ಲಿ ಹೊಸ ಸಿಎನ್‌ಸಿ ಲೇತ್ ಬಂದಿದೆ, 10 ಮೈಕ್ರಾನ್ ಒಳಗೆ ಟರ್ನಿಂಗ್ ಮಾಡ್ತೀವಿ. 6061 ಅಲ್ಯುಮಿನಿಯಂ ರಾಡಿಂದ ನಿಮಗೆ ಬೇಕಾದ ಫಿಟಿಂಗ್ ಎಲ್ಲ ತೆಗೀಬಹುದು. ವಿಡಿಯೋ ಹಾಕ್ಲಾ?

ಹಳೇ_ಹ್ಯಾಂಗರ್:
ಕೊಪ್ಪದವರೇ, ಕ್ರೇನ್ ಸ್ವಲ್ಪ ತಡೆಯಿರಿ. ಫೋಟೋ ದೊಡ್ಡದು ಮಾಡಿ ನೋಡಿದೆ. ನೀವು ಟೀ ಹಾಕಿರುವ ಜಾಗದಿಂದ ಗೇಣು ದೂರದಲ್ಲೇ ಆಯಿಲ್ ಫಿಲ್ಟರ್ ಕಾಣುತ್ತಿದೆ, ಅದರಾಚೆ ಪ್ರೊಪೆಲರಿನ ವೇಗ ತಗ್ಗಿಸುವ ರಿಡಕ್ಷನ್ ಗೇರ್‌ಬಾಕ್ಸ್. ವಿಮಾನದಲ್ಲಿ ಈ ಎಂಜಿನ್ ತಿರುಗುಮುರುಗಾಗಿ ಕೂರುತ್ತದಲ್ಲವೇ? ಕಾರಿನಲ್ಲಿ ಫ್ಲೈವ್ಹೀಲ್ ಇರುವ ಹಿಂದಿನ ತುದಿ ನಿಮಗೆ ಪ್ರೊಪೆಲರ್ ಕಡೆ ಬಂದಿದೆ. ನಾನು ಹೇಳಿದ ಫ್ರಂಟ್ ಕವರ್ ಇರುವುದು ಫೈರ್‌ವಾಲ್ ಕಡೆ, ಅಂದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ ಕಡೆ. ನೀವು ಕೂಲರಿಂದ ವಾಪಸ್ ಬರುವ ಜಾಗವನ್ನೇ ಎರಡು ಸಲ ಅಳೆದಿದ್ದೀರಿ, ಎರಡೂ ಒಂದೇ ಬರದೆ ಇನ್ನೇನು ಬಂದೀತು?

ಸೆವೆನ್ಸ್_ಸುರತ್ಕಲ್:
ಆದ್ರೂ ಓ-ರಿಂಗ್ ಆಗಿರಬಹುದು.

ಕೊಪ್ಪ_ಟು_ಫೀನಿಕ್ಸ್:
ಸರ್, ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ. ಫೈರ್‌ವಾಲ್‌ಗೂ ಕವರ್‌ಗೂ ನಡುವೆ ಅಂಗೈ ಅಡ್ಡ ಇಟ್ರೆ ಮಾತ್ರ ತೂರುತ್ತೆ. ಸ್ಪ್ಯಾನರ್ ಒಂದು ಸಲಕ್ಕೆ ನಟ್ಟಿನ ಅರ್ಧ ಮುಖದಷ್ಟೇ ತಿರುಗುತ್ತೆ, ತೆಗೆದು ಮಗುಚಿ ಮತ್ತೆ ಹಾಕ್ಬೇಕು. ಅಂತೂ ಟೀ ಕೂರಿಸಿದೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಮುಂದಿನ (ಫ್ರಂಟ್ ಕವರಿನ) ಗೇಜ್ ಸುಮಾರಾಗಿತ್ತು. 2000 ದಾಟಿಸಿದ್ದೇ ತಡ ಮುಳ್ಳು ಸರ್ರನೆ ಹೋಗಿ 100ರ ಆಚೆಗಿನ ಕಡ್ಡಿಗೆ ಬಡಿದು ನಿಂತುಬಿಡ್ತು. ಗೇಜ್ ಇರೋದೇ 100ರದ್ದು. ಹಿಂದೆ, ಫಿಲ್ಟರ್ ಹತ್ತಿರ, ಅದೇ 24. ತಕ್ಷಣ ಆಫ್ ಮಾಡಿದೆ.

ಹಳೇ_ಹ್ಯಾಂಗರ್:
ಆಫ್ ಮಾಡಿದ್ದು ಒಳ್ಳೆಯದಾಯಿತು. ಪಂಪಿನ ಕಡೆ ಒಂದು ರಿಲೀಫ್ ವಾಲ್ವ್ ಇರುತ್ತದೆ, ಅದು ತೆರೆಯುವುದು 150ರ ಆಸುಪಾಸು. ನಿಮ್ಮ ಪಂಪ್ ಅಲ್ಲಿಯವರೆಗೂ ತಳ್ಳುತ್ತಿದೆ, ದಾರಿ ಸಿಗದೆ ಆಯಿಲ್ ಅಲ್ಲಿಂದಲೇ ಸಂಪಿಗೆ ವಾಪಸ್ ಬೀಳುತ್ತಿದೆ. ಪಂಪ್ ಚೆನ್ನಾಗಿದೆ, ಓ-ರಿಂಗ್ ಕೂಡ ಗಟ್ಟಿ. ತಣ್ಣಗಿದ್ದಾಗ ಬೇರಿಂಗ್ ಸಂದಿಯಲ್ಲಿ ಆಯಿಲ್ ಕಷ್ಟಪಟ್ಟು ಹೋಗುತ್ತದೆ, ಹಾಗಾಗಿ ಬಂದಷ್ಟರಲ್ಲೇ ಹಿಂದೆ ಪ್ರೆಷರ್ ಕಟ್ಟುತ್ತದೆ. ಬಿಸಿಯಾದರೆ ಅಲ್ಲಿ ಸಲೀಸಾಗಿ ಹರಿದುಹೋಗುತ್ತದೆ, ಆದರೆ ಕಟ್ಟಿಕೊಂಡ ಜಾಗ ಮಾತ್ರ ಅಷ್ಟೇ ಇರುತ್ತದೆ. ಕೂಲರ್ ಯಾವುದು? ಹೋಸ್ ಸೈಜ್ ಎಷ್ಟು?

ಕೊಪ್ಪ_ಟು_ಫೀನಿಕ್ಸ್:
ಹೋಸ್ ಡ್ಯಾಶ್ 10, ಅಂದ್ರೆ ಇಂಚಿನ ಹದಿನಾರರಲ್ಲಿ ಹತ್ತು ಭಾಗ. ಕೂಲರ್ ಸೆಕೆಂಡ್‌ಹ್ಯಾಂಡ್, ಪಿಕಪ್ ಟ್ರಕ್ಕಿಂದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ತಣ್ಣಗೆ ಮಾಡೋದು. ಅದರ ಬಾಯಿ ಸಣ್ಣದು, ಡ್ಯಾಶ್ 6 ಇತ್ತು, ಅಡಾಪ್ಟರ್ ಹಾಕಿದ್ದೀನಿ.

ಸೆವೆನ್ಸ್_ಸುರತ್ಕಲ್:
ಇದನ್ನು ಈಗ ಹೇಳುವುದಾ!! "ಉಳಿದಿದ್ದೆಲ್ಲ ಸ್ಟ್ಯಾಂಡರ್ಡ್" ಅಂತ ಬರೆದಿದ್ದೀರಲ್ಲ ಮೇಲೆ?

ಲೈಕಮಿಂಗ್_ಲಕ್ಕಿ:
😂

ಹಳೇ_ಹ್ಯಾಂಗರ್:
ಎರಡು ಹೋಸನ್ನೂ ಕೂಲರ್ ಬಿಟ್ಟು ಒಂದಕ್ಕೊಂದು ಜೋಡಿಸಿ ಓಡಿಸಿ ನೋಡಿ. ಆಯಿಲ್ 190 ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಈ ಎಂಜಿನ್ನಿನಲ್ಲಿ ರೋಟರ್ ತಣಿಸುವುದು ಆಯಿಲ್ಲೇ, ಕೂಲರ್ ಇಲ್ಲದೆ ಬೇಗ ಕಾಯುತ್ತದೆ. ಹಾಗೂ ಪ್ರೆಷರ್ ಏಳದಿದ್ದರೆ ಹೋಸ್ ಒಳಗೆ ನೋಡಬೇಕು. ಫಿಟಿಂಗ್ ತೂರಿಸುವಾಗ ಒಳಗಿನ ರಬ್ಬರ್ ಸಿಪ್ಪೆಯಂತೆ ಎದ್ದು ಬಾಗಿಲು ಹಾಕಿಕೊಂಡಿರುವುದನ್ನೂ ಕಂಡಿದ್ದೇನೆ.

ಕೊಪ್ಪ_ಟು_ಫೀನಿಕ್ಸ್:
ಕೂಲರ್ ಬಿಟ್ಟು ಓಡಿಸಿದೆ. 185 ಡಿಗ್ರಿಯಲ್ಲಿ, 3000ಕ್ಕೆ ಹಿಂದೆ 68, ಮುಂದೆ 76. ಐಡಲ್ 19. ಹೋಸ್ ಚೆನ್ನಾಗಿದೆ, ಅಡ್ಡ ನಿಂತಿದ್ದು ಕೂಲರ್ರೇ. ಕೂಲರ್ ಬಿಚ್ಚಿ ಬಾಯಿಯಲ್ಲಿ ಊದಿದ್ರೆ ಗಾಳಿ ಹೋಗುತ್ತೆ, ಅದಕ್ಕೇ ಹಾಕೋಕೆ ಮುಂಚೆ ಅನುಮಾನ ಬಂದಿರಲಿಲ್ಲ. ಕ್ರೇನ್ ಕ್ಯಾನ್ಸಲ್.

ಸೆವೆನ್ಸ್_ಸುರತ್ಕಲ್:
ಆರ್‌ಎಕ್ಸ್-7ರ ಸ್ಟಾಕ್ ಆಯಿಲ್ ಕೂಲರೇ (ಕಾರಿನ ಜೊತೆ ಕಂಪನಿಯಿಂದಲೇ ಬರುವುದು) ಹಾಕಿ, ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತಣ್ಣಗಿದ್ದಾಗ ಬೈಪಾಸ್ ಮಾಡುವ ಥರ್ಮೋಸ್ಟ್ಯಾಟ್ ಅದರೊಳಗೇ ಉಂಟು. ನನ್ನ ಬಿಳಿ ಗಾಡಿಗೆ ಅದನ್ನೇ ಇಟ್ಟಿದ್ದೇನೆ, ಟ್ರ್ಯಾಕ್ ದಿನವೂ 200 ದಾಟುವುದಿಲ್ಲ. ಇನ್ನೊಂದು ಗಾಡಿಗೆ ಎರಡು ಕೂಲರ್, ಬ್ರಿಡ್ಜ್ ಪೋರ್ಟ್ ಎಂಜಿನ್, ಫೋಟೋ ಹಾಕ್ತೇನೆ ತಡೆಯಿರಿ. ಮತ್ತೆ, ಯಾವಾಗಾದರೂ ಎಂಜಿನ್ ಇಳಿಸಿದ್ರೆ ಆ ಓ-ರಿಂಗ್ ಮರೆಯಬೇಡಿ.

ಪೀಣ್ಯ_ಲೇತ್:
ಡ್ಯಾಶ್ 10 ಅಡಾಪ್ಟರ್ ಬೇಕಾದ್ರೆ ಮೆಸೇಜ್ ಮಾಡಿ. ಲೇತ್ ವಿಡಿಯೋ ಮೇಲಿದೆ, ಯಾರೂ ನೋಡಿಲ್ಲ.

ಮೀಟರ್_ಮಂಜು:
ಎಲ್ಲಾ ಆತು, ಆ ಸೆಂಡರಿಗೆ ಎಳದ ಅರ್ಥ್ ವೈರ್ ಮಾತ್ರ ತಗೀಬ್ಯಾಡ್ರಿ ಮತ್ತ.

ಕೊಪ್ಪ_ಟು_ಫೀನಿಕ್ಸ್:
ಸ್ಟಾಕ್ ಕೂಲರ್ ಒಂದು ಟೂಸಾನ್‌ನಲ್ಲಿ ಸಿಕ್ತು. ಭಾರ ಇದೆ, ಉದ್ದಾನೂ ಜಾಸ್ತಿ, ಎಂಜಿನ್ ಮುಚ್ಚೋ ಕೌಲ್ ಒಳಗೆ ಹಿಡೀತಿಲ್ಲ. ಕೆಳಗೆ ಗಾಳಿ ಎಳೆಯೋ ಸ್ಕೂಪ್ ಮಾಡೋದೋ, ಕೌಲಿನ ಕೆನ್ನೆ ಕತ್ತರಿಸೋದೋ ಗೊತ್ತಾಗ್ತಿಲ್ಲ. ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ. ಲಕ್ಕಿ, ನೀನು ಅಲ್ಲಿಗೆ ಬರ್ಬೇಡ.