ಪದಚರ್ಚೆ: ಸಾಲಿಡ್, ಸರ್ಫೇಸ್, ಗ್ರಿಡ್ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ವಾಸ್ತುಶಿಲ್ಪದ ಮೊದಲ ವರ್ಷದ ವಿನ್ಯಾಸಪಾಠವೊಂದನ್ನು ಅನುವಾದಿಸುತ್ತಿದ್ದೇನೆ. ಮೂರು ಅಧ್ಯಾಯಗಳ ತಲೆಬರಹ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ ‘ಘನ, ಮೇಲ್ಮೈ, ಜಾಲ’ ಎಂದು ಬರೆದಿದ್ದೇನೆ. ಮೊದಲ ಅಭ್ಯಾಸದಲ್ಲಿ ವಿದ್ಯಾರ್ಥಿ ಜೇಡಿಮಣ್ಣಿನ ಮುದ್ದೆಯನ್ನು ಕೊರೆದು ಒಳಜಾಗ ಮಾಡುತ್ತಾನೆ. ಎರಡನೆಯದರಲ್ಲಿ ರಟ್ಟನ್ನು ಮಡಿಸಿ ನಿಲ್ಲಿಸುತ್ತಾನೆ. ಮೂರನೆಯದರಲ್ಲಿ 9 ಚೌಕ ಬರೆದು, ಗೆರೆಗಳು ಕೂಡುವ 16 ಕಡೆ ಕಡ್ಡಿ ನೆಡುತ್ತಾನೆ. ‘ಜಾಲ’ ನನಗೇ ಒಪ್ಪಿಗೆಯಾಗುತ್ತಿಲ್ಲ.

> ಘನ, ಮೇಲ್ಮೈ, ಜಾಲ

ಮೂರೂ ಬೇಡ. ‘ಘನ’ವನ್ನು ಗಣಿತದವರು ಘನಮೂಲಕ್ಕೆ ಕೊಂಡೊಯ್ದಾಗಿದೆ, ವಿದ್ಯಾರ್ಥಿ ಆರು ಮುಖದ ಪೆಟ್ಟಿಗೆ ಎಂದುಕೊಳ್ಳುತ್ತಾನೆ. ‘ಗಟ್ಟಿ’ ಎನ್ನಿ. ಗಟ್ಟಿಯನ್ನು ಕೊರೆದರೆ ಟೊಳ್ಳು: ನಿಮ್ಮ ಅಭ್ಯಾಸವೆಲ್ಲ ಈ ಎರಡು ಮಾತಿನಲ್ಲಿದೆ. ಸರ್ಫೇಸಿಗೆ ‘ಮೈ’ ಸಾಕು. ನಿಲ್ಲಿಸಿದ ರಟ್ಟಿಗೆ ಒಳಮೈ, ಹೊರಮೈ ಎರಡೂ ಇರುವಾಗ ‘ಮೇಲ್’ ಯಾವುದು? ಜಾಲವಂತೂ ಕಲ್ಲಿನ ಜಾಲಂಧ್ರಕ್ಕೆ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗೆ, ಸಂದ ಪದ. ಗ್ರಿಡ್ಡಿಗೆ ‘ಚೌಕಳಿ’.

> ‘ಘನ’ವನ್ನು ಗಣಿತದವರು ಕೊಂಡೊಯ್ದಾಗಿದೆ

ತಪ್ಪು. ‘ಘನ’ ಹುಟ್ಟಿದ್ದು ‘ಹನ್’ ಧಾತುವಿನಿಂದ. ಪಾಣಿನಿಯ ಸೂತ್ರವೇ ಇದೆ, ‘ಮೂರ್ತೌ ಘನಃ’. ಕಾಠಿನ್ಯವೇ ಅದರ ಅರ್ಥ. ಗಣಿತ ಆಮೇಲಿನದು. ಗ್ರಿಡ್ಡಿಗೆ ಶಿಲ್ಪಶಾಸ್ತ್ರದ ‘ಪದವಿನ್ಯಾಸ’ ಇದೆ, ಅಲ್ಲಿ ‘ಪದ’ ಎಂದರೆ ಒಂದು ಚೌಕದ ಮನೆ; 9 ಪದಗಳದು ‘ಪೀಠ’, 64ರದು ‘ಮಂಡೂಕ’, 81ರದು ‘ಪರಮಶಾಯಿಕ’. ಇಷ್ಟು ಕೈಯಲ್ಲಿರುವಾಗ ಬಟ್ಟೆ ಅಂಗಡಿಯ ಚೌಕಳಿ ಏಕೆ? ಸಂಸ್ಕೃತ ಎಂದೊಡನೆ ಬಾಗಿಲು ಹಾಕುವ ಈ ಹಟ ಕನ್ನಡವನ್ನು ಬಡವಾಗಿಸುತ್ತಿದೆ.

> ಪದವಿನ್ಯಾಸ

ಇಂದಿನ ಓದುಗನಿಗೆ ಅದು ಮಾತಿನ ಜೋಡಣೆ. ಹಟ ಯಾರದು ಎಂಬುದನ್ನು ಬೇರೆ ಎಳೆಯಲ್ಲಿ ಮಾತಾಡೋಣ.

ನಡುವೆ ಬಂದದ್ದಕ್ಕೆ ಕ್ಷಮಿಸಿ, ನಾನು ನಕ್ಷೆ ಬರೆಯುವವನು. ನೀವಿಬ್ಬರೂ ಚೌಕವನ್ನು ನೋಡುತ್ತಿದ್ದೀರಿ. ಪದ ಎಂದರೂ ಚೌಕಳಿ ಎಂದರೂ ಗೆರೆಗಳ ನಡುವಿನ ಮನೆಯೇ. ಗ್ರಿಡ್ ಇರುವುದು ಗೆರೆಗಳಲ್ಲಿ. ಕಂಬ ನಿಲ್ಲುವುದು ಅವು ಕೂಡುವಲ್ಲಿ. ಆದ್ದರಿಂದಲೇ ಮನೆ 9, ಕಡ್ಡಿ 16. ‘ಹಂದರ’ವೂ ಆಗದು, ಅದು ಕಟ್ಟಿ ನಿಲ್ಲಿಸಿದ್ದು, ಗ್ರಿಡ್ ಕಟ್ಟುವ ಮೊದಲೇ ಹಾಳೆಯ ಮೇಲಿರುತ್ತದೆ. ನಕ್ಷೆಯಲ್ಲಿ ನಾವೆಲ್ಲ ಬರೆಯುವುದು ‘ಗ್ರಿಡ್’ ಎಂದೇ. ಇಂಗ್ಲಿಷಿನಲ್ಲೂ ಅದು ಮಾಂಸ ಸುಡುವ ಕಬ್ಬಿಣದ ಸರಳುತಟ್ಟೆಯ ಹೆಸರನ್ನು ಮೊಟಕು ಮಾಡಿ ಬಂದದ್ದು. ಹಾಗೆಯೇ ಇರಲಿ.

ಎಲ್ಲರಿಗೂ ಕೃತಜ್ಞತೆ. ‘ಗಟ್ಟಿ, ಮೈ, ಗ್ರಿಡ್’ ಎಂದು ಕಳುಹಿಸುತ್ತೇನೆ. ಮೊದಲ ಅಧ್ಯಾಯದೊಳಗೆ ‘ಘನಾಕೃತಿ’ ಎರಡು ಕಡೆ ಉಳಿಯುತ್ತದೆ. ಅಲ್ಲಿ ಮಾತು ನಿಜಕ್ಕೂ ಗಣಿತದ್ದು.